ಕಲ್ಲು ನಿಮ್ಮಿಷ್ಟ, ಸಂದು ನನ್ನಿಷ್ಟ

ನಮ್ಮ ಮನೆಗೆ ಬಂದವರೆಲ್ಲ ಅಂಗಳ ನೋಡಿ ಕಲ್ಲನ್ನು ಹೊಗಳುತ್ತಾರೆ. "ಎಲ್ಲಿಂದ ತರಿಸಿದ್ರಿ, ಎಷ್ಟು ಚೆನ್ನಾಗಿದೆ" ಎನ್ನುತ್ತಾರೆ. ಕಲ್ಲು ಚೆನ್ನಾಗಿಯೇ ಇದೆ. ಆಯನೂರು ರಸ್ತೆಯ ಕಲ್ಲಿನ ಅಂಗಡಿಯಲ್ಲಿ ಅರ್ಧ ದಿನ ಬಿಸಿಲಿಗೆ ನಿಂತು ನಾನೇ ಆರಿಸಿದ ಬೂದುಬಣ್ಣದ ಒರಟು ಚಪ್ಪಡಿಗಳು ಅವು. ಆದರೆ ಹೊಗಳಬೇಕಾದದ್ದು ಬೇರೆ ಇದೆ. ಕಲ್ಲಿಗೂ ಕಲ್ಲಿಗೂ ನಡುವೆ ಕಿರುಬೆರಳಿನಷ್ಟು ಅಗಲದ ಸಂದು, ಅದರಲ್ಲಿ ಇಟ್ಟಿಗೆ ಬಣ್ಣದ ಗಾರೆ. ಅದನ್ನು ಇದುವರೆಗೆ ಒಬ್ಬರೂ ಬಗ್ಗಿ ನೋಡಿಲ್ಲ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವಳು ನಾನು. ಮೆಚ್ಚುಗೆ ತಪ್ಪು ಜಾಗಕ್ಕೆ ಬಿದ್ದರೂ ಕೈ ಕೆಂಪು ಪೆನ್ನು ಹುಡುಕುತ್ತದೆ. ಬಂದವರನ್ನು ಅಲ್ಲೇ ನಿಲ್ಲಿಸಿ, "ಕಲ್ಲು ಹಾಗಿರ್ಲಿ, ಸಂದು ನೋಡಿ" ಎನ್ನುತ್ತೇನೆ. ಅವರು "ಹೌದಾ" ಎಂದು ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ.

ಆ ಸಂದು ತುಂಬಿದವರು ಭದ್ರಾವತಿಯ ಒಬ್ಬ ಮೇಸ್ತ್ರಿ. ಕಳೆದ ತಿಂಗಳು ನನ್ನ ತಂಗಿ ತನ್ನ ಮನೆಯ ಅಂಗಳಕ್ಕೂ ಕಲ್ಲು ಹಾಸಿಸಬೇಕೆಂದಳು. "ನಿಮ್ಮ ಮೇಸ್ತ್ರೀನೇ ಕರೆಸಕ್ಕ" ಎಂದಳು. ನಾನು ಏನೋ ನನ್ನದೇ ದೊಡ್ಡಸ್ತಿಕೆ ಎಂಬ ಹಾಗೆ ಆಗಲೇ ಫೋನ್ ಹಚ್ಚಿದೆ. ಎತ್ತಿದ್ದು ಹೆಂಗಸಿನ ದನಿ. ಮೇಸ್ತ್ರಿಗೆ ಕೊಡಿ ಎಂದೆ.

"ಅವರು ಹೋಗಿ ಮೂರು ತಿಂಗಳಾಯ್ತಮ್ಮ. ಎದೆನೋವು ಅಂದ್ರು. ಆಸ್ಪತ್ರೆಗೆ ಮುಟ್ಟೋಕೂ ಬಿಡಲಿಲ್ಲ" ಎಂದರು ಆಕೆ. ಮೇಸ್ತ್ರಿಯ ಹೆಂಡತಿ.

ನಾನು "ಬರ್ತೀವಿ" ಎಂದಷ್ಟೇ ಹೇಳಿ ಫೋನ್ ಇಟ್ಟೆ. ಪಕ್ಕದಲ್ಲೇ ಕುರ್ಚಿಯಲ್ಲಿದ್ದ ನಮ್ಮ ಯಜಮಾನರು ನನ್ನ ಮುಖ ನೋಡಿಯೇ ವಿಷಯ ತಿಳಿದುಕೊಂಡರು. ಕೋಲು ಎತ್ತಿಕೊಂಡು ಅಂಗಳಕ್ಕೆ ಹೋದವರು ತುಂಬ ಹೊತ್ತು ಒಳಗೆ ಬರಲಿಲ್ಲ. ಹಾಗೆ ತಮ್ಮ ಪಾಡಿಗೆ ತಾವು ಎದ್ದು ಅಂಗಳಕ್ಕೆ ಹೋಗುವ ಗಂಡ ನನಗೆ ಮತ್ತೆ ಸಿಕ್ಕಿದ್ದು ಆ ಮೇಸ್ತ್ರಿಯಿಂದ. ಅದನ್ನು ಅವರು ಬದುಕಿದ್ದಾಗ ನೆಟ್ಟಗೆ ಒಂದು ಮಾತಲ್ಲಿ ಹೇಳಲಿಲ್ಲವಲ್ಲ ಎಂಬ ಸಂಕಟಕ್ಕೆ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಯಜಮಾನರು ಶಾಲೆಯಲ್ಲಿ ಪಿ.ಟಿ. ಸರ್ ಆಗಿದ್ದವರು. ಸೀಟಿ ಊದಿದರೆ ಮೂರು ಬೀದಿಗೆ ಕೇಳುತ್ತಿತ್ತು. ನಿವೃತ್ತರಾದ ಮರುವರ್ಷವೇ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಸೋತವು. ಮಾತು ಒಂದೊಂದೇ ಪದವಾಗಿ ಬರತೊಡಗಿತು. ಆದರೂ ಹಟದ ಮನುಷ್ಯ, ಎಡಗೈಯಲ್ಲಿ ಕೋಲು ಹಿಡಿದು ಆರು ತಿಂಗಳಿಗೆ ಎದ್ದು ನಿಂತರು. ಶಿವಮೊಗ್ಗದ ವಿನೋಬನಗರದ ನಮ್ಮ ಮನೆಯ ಮುಂದೆ ಆಗ ಹಳೆಯ ಸಿಮೆಂಟಿನ ಅಂಗಳವಿತ್ತು. ಅಲ್ಲಲ್ಲಿ ಬಿರುಕು, ಅಲ್ಲಲ್ಲಿ ಚಕ್ಕೆ ಎದ್ದ ಗುಂಡಿ. ಒಂದು ಬೆಳಿಗ್ಗೆ ಕೋಲಿನ ತುದಿ ಬಿರುಕಿಗೆ ಸಿಕ್ಕಿಕೊಂಡಿತು. ಬಿದ್ದರು. ಗಟ್ಟಿ ಇದ್ದ ಒಂದೇ ಕೈ, ಎಡಗೈ, ಮಣಿಕಟ್ಟಿನಲ್ಲಿ ಮುರಿಯಿತು.

ಕೈ ಕೂಡಿಕೊಂಡಿತು, ಮನಸ್ಸು ಕೂಡಲಿಲ್ಲ. ಆಮೇಲೆ ಏಳು ತಿಂಗಳು ಅವರು ಹೊಸ್ತಿಲು ದಾಟಲಿಲ್ಲ. ಹಾಲಿನಲ್ಲಿ ಎಂಟು ಹೆಜ್ಜೆ ಆ ಕಡೆ, ಎಂಟು ಹೆಜ್ಜೆ ಈ ಕಡೆ. ಬರಬರುತ್ತಾ ಅದೂ ನಾಲ್ಕಾಯಿತು. ಡಾಕ್ಟರು ನನ್ನನ್ನು ಹೊರಗೆ ಕರೆದು, "ಹೀಗೇ ಕೂತ್ರೆ ಇನ್ನೊಂದು ವರ್ಷಕ್ಕೆ ಆ ಕಾಲು ಕೆಲಸಕ್ಕೆ ಬರಲ್ಲ ಮೇಡಂ. ಹೊರಗೆ ನಡೆಸಿ" ಎಂದರು. ನಾನು ಬೈದೆ, ಬೇಡಿಕೊಂಡೆ, ಅತ್ತೂ ನೋಡಿದೆ. "ಬೀಳ್ತೀನಿ" ಎಂಬ ಒಂದೇ ಪದ ಅವರದು. ಆಗ, ಇವರು ಬೀಳದಂಥ ಅಂಗಳವನ್ನೇ ಮಾಡಿಸಿಬಿಡುತ್ತೇನೆ ಎಂದು ಹೊರಟೆ.

ಮೇಸ್ತ್ರಿ ಮೊದಲ ದಿನ ಹಳೆಯ ಮೊಪೆಡ್ಡಿನಲ್ಲಿ ಬಂದರು. ಅರವತ್ತರ ಆಸುಪಾಸು, ತೆಳ್ಳನೆ ಆಸಾಮಿ. ಎಡಗಣ್ಣಿನ ಮೇಲೆ ಹುಬ್ಬು ಇರಲಿಲ್ಲ. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು, "ಕುಲುಮೆ ತಗೊಂಡ್ಬಿಡ್ತು ಮೇಡಂ" ಎಂದರು. ಭದ್ರಾವತಿಯ ಕಬ್ಬಿಣದ ಕುಲುಮೆಗಳ ಒಳಮೈಗೆ ಬೆಂಕಿ ತಡೆಯುವ ಇಟ್ಟಿಗೆ ಕಟ್ಟುವುದು ಅವರ ಮೊದಲಿನ ಕಸುಬಂತೆ. ಕುಲುಮೆ ಪೂರ್ತಿ ಆರುವ ಮೊದಲೇ ಒದ್ದೆ ಗೋಣಿ ಹೊದ್ದು ಒಳಗಿಳಿದು ರಿಪೇರಿ ಮಾಡಿ ಬರಬೇಕಿತ್ತಂತೆ.

"ಬೆಂಕಿ ಇಟ್ಟಿಗೆಗೆ ಏನೂ ಮಾಡಲ್ಲ ಮೇಡಂ. ಅದು ಸಂದು ಹುಡುಕುತ್ತೆ. ನೀರೂ ಅಷ್ಟೇ, ಇರುವೇನೂ ಅಷ್ಟೇ" ಎಂದರು.

ಆ ಕೆಲಸ ನಿಂತ ಮೇಲೆ ಅಂಗಳಕ್ಕೆ ಕಲ್ಲು ಹಾಸಲು ಶುರು ಮಾಡಿದರು. ಮೊದಮೊದಲು ಕುಲುಮೆಯ ಚಾಳಿ ಬಿಡಲಿಲ್ಲ. ಕುಲುಮೆಯಲ್ಲಿ ಇಟ್ಟಿಗೆಗೂ ಇಟ್ಟಿಗೆಗೂ ನಡುವೆ ಬ್ಲೇಡು ಕೂಡ ತೂರಬಾರದು. ತೂರಿದರೆ ಮೇಸ್ತ್ರಿಗೆ ಅವಮಾನ. ಅದೇ ಹೆಚ್ಚುಗಾರಿಕೆಯಲ್ಲಿ ಒಂದು ಮದುವೆ ಮಂಟಪದ ಹಿತ್ತಿಲಿಗೆ ಬ್ಲೇಡು ತೂರದ ಹಾಗೆ ಕಲ್ಲು ಕೂರಿಸಿದರಂತೆ. ನೋಡಿದವರೆಲ್ಲ ಭೇಷ್ ಅಂದರು. ಬೇಸಿಗೆ ಬಂತು. ಬಿಸಿಲಿಗೆ ಹಿಗ್ಗಿದ ಕಲ್ಲುಗಳಿಗೆ ಜಾಗ ಸಾಲದೆ, ಒಂದು ಮದುವೆಯ ದಿನ ಎರಡು ಕಲ್ಲು ಒಂದಕ್ಕೊಂದು ಒರಗಿ ಮೇಲೆದ್ದವು. ಅಡಿಗೆಯವರು ಎಡವಿ ಕೊಳದಪ್ಪಲೆಯ ಸಾಂಬಾರೆಲ್ಲ ನೆಲದ ಪಾಲಾಯಿತು.

"ಇನ್ನೂರು ಜನ ಬರೀ ಮೊಸರನ್ನ ತಿಂದು ಹೋದ್ರು ಮೇಡಂ, ನನ್ನ ಹೆಸರು ಹೇಳ್ಕೊಂಡು" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅವತ್ತಿಂದ ಒಂದು ಮಾತು ಇಟ್ಕೊಂಡಿದೀನಿ. ಕಲ್ಲು ನಿಮ್ಮಿಷ್ಟ, ಸಂದು ನನ್ನಿಷ್ಟ. ಒಪ್ಪಿಗೆ ಇದ್ರೆ ಹೇಳಿ, ಇಲ್ದಿದ್ರೆ ಚಾ ಕುಡಿದು ಹೋಗ್ತೀನಿ."

ತನ್ನ ತಪ್ಪನ್ನು ಹೀಗೆ ಕರೆದು ಕೂರಿಸಿ ಹೇಳಿಕೊಳ್ಳುವವರನ್ನು ನಾನು ಸ್ಟಾಫ್ ರೂಮಿನಲ್ಲಿ ಮೂವತ್ತೆರಡು ವರ್ಷದಲ್ಲಿ ಒಬ್ಬರನ್ನೂ ಕಂಡಿರಲಿಲ್ಲ. ಒಪ್ಪಿಕೊಂಡೆ. ಆದರೆ ಒಪ್ಪಿಕೊಂಡ ಮಾತಿಗೆ ನಿಲ್ಲುವ ಜಾತಿ ನಾನಲ್ಲ, ಅದು ಮುಂದೆ ಗೊತ್ತಾಗುತ್ತದೆ.

ಚಾ ಕುಡಿದು ಅವರು ಕೇಳಿದ ಮೊದಲ ಪ್ರಶ್ನೆ, "ಈ ಅಂಗಳದಾಗೆ ನಡೆಯೋರು ಯಾರು?" ನಾನು ಯಜಮಾನರ ಕಡೆ ನೋಡಿದೆ. ಮೇಸ್ತ್ರಿ ಹೊಸ್ತಿಲ ಬಳಿ ನೆಲಕ್ಕೆ ಕೂತು, "ಸಾರ್, ಒಂದ್ಸಲ ಈ ಕಡೆಯಿಂದ ಆ ಕಡೆಗೆ ನಡೆದು ತೋರಿಸ್ತೀರಾ?" ಎಂದರು. ನನಗೆ ಸರ್ರನೆ ಸಿಟ್ಟು ಬಂತು. ಮನೆಗೆ ಬಂದ ನೆಂಟರು ಇವರು ನಡೆಯುವಾಗ ಗೋಡೆಯ ಕ್ಯಾಲೆಂಡರ್ ನೋಡುವ ನಾಟಕ ಮಾಡುತ್ತಿದ್ದರು. ಈ ಮನುಷ್ಯ ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ, ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಲ್ಲಿ ಇವರ ಪಾದವನ್ನೇ ನೋಡುತ್ತಿದ್ದಾರೆ. ಬೇಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಯಜಮಾನರು ಎದ್ದು ನಡೆದೇಬಿಟ್ಟರು. ಎಂಟು ಹೆಜ್ಜೆ ಹೋಗಿ, ಎಂಟು ಹೆಜ್ಜೆ ತಿರುಗಿ ಬಂದರು.

"ಬಲಗಾಲು ಎತ್ತಲ್ಲ, ಎಳೀತೀರಿ. ಕೋಲು ಮಾತ್ರ ಕುಟ್ಟಿ ಇಡ್ತೀರಿ" ಎಂದರು ಮೇಸ್ತ್ರಿ. ಕನಿಕರವಿಲ್ಲ, ಮುಜುಗರವಿಲ್ಲ, ಕಲ್ಲಿನ ಅಳತೆ ಹೇಳುವ ದನಿ. "ಹಂಗಾದ್ರೆ ಸಂದು ಕಲ್ಲಿನ ಸಮಕ್ಕೇ ಇರ್ಬೇಕು. ಒಂದು ನೂಲೂ ತಗ್ಗಬಾರದು, ಒಂದು ನೂಲೂ ಏಳಬಾರದು."

"ಕಲ್ಲು... ಗಟ್ಟಿ... ಇರತ್ತಾ?" ಎಂದರು ಯಜಮಾನರು. ಹೊರಗಿನವರ ಮುಂದೆ ಬಾಯಿ ಬಿಡಲು ನಾಚುತ್ತಿದ್ದವರು ಅವರಾಗಿಯೇ ಆಡಿದ ಮೊದಲ ಮಾತು ಅದು.

"ಸಕ್ರೆಬೈಲಿನ ಆನೆ ತಂದು ನಿಲ್ಸಿ ಸಾರ್, ಕಲ್ಲು ಅಲ್ಲಾಡಿದ್ರೆ ನನ್ನ ಕೇಳಿ. ಆದ್ರೆ ಆನೆಗೆ ಮಾಡೋದು ಸುಲಭ. ಅದಕ್ಕೆ ನಾಲ್ಕು ಕಾಲು. ನಿಮಗೆ ಒಂದೂವರೆ."

ನಾನು ಥಟ್ಟನೆ ಯಜಮಾನರ ಕಡೆ ತಿರುಗಿದೆ. ಅವರ ಮುಖ ಒಂದು ಕ್ಷಣ ಹಾಗೇ ಇತ್ತು. ಆಮೇಲೆ ಅವರು ನಕ್ಕರು. ಬಾಯಿ ಒಂದೇ ಕಡೆಗೆ ಸೊಟ್ಟಗಾಗಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಬಿದ್ದ ಮೇಲೆ ಮೊದಲ ಸಲ ಆ ನಗು ಕೇಳಿದೆ. ನಾನು ಅಡಿಗೆಮನೆಗೆ ಹೋಗಿ ಬೇಕಿಲ್ಲದ ಪಾತ್ರೆ ತೊಳೆಯುತ್ತಾ ನಿಂತೆ.

ಮರುವಾರ ಕೆಲಸ ಹಿಡಿದರು. ಹಳೆಯ ಸಿಮೆಂಟು ಕಿತ್ತು, ನೆಲ ಕುಟ್ಟಿ, ಮರಳು ಹರಡಿ, ಕಲ್ಲು ಕೂರಿಸಿದರು. ಗೇಟಿನ ಹತ್ತಿರವೇ ಚಪ್ಪಲಿ ಬಿಡುವುದು ಅವರ ಪದ್ಧತಿ. ದಿನದ ಕೆಲಸ ಮುಗಿದ ಮೇಲೆ ಕಣ್ಣು ಮುಚ್ಚಿಕೊಂಡು ಕಲ್ಲಿನ ಮೇಲೆ ಬರಿಗಾಲಲ್ಲಿ ಒಂದು ಸುತ್ತು ಬರುತ್ತಿದ್ದರು. ರಸಮಟ್ಟ ಇಟ್ಟು ಏರುತಗ್ಗು ನೋಡಿದರೆ ಸಾಲದೇ ಎಂದು ಕೇಳಿದ್ದಕ್ಕೆ, "ರಸಮಟ್ಟ ಎಡವಲ್ಲ ಮೇಡಂ" ಎಂದರು. ಮಧ್ಯಾಹ್ನ ಕರಿಬೇವಿನ ಗಿಡದ ನೆರಳಲ್ಲಿ ಗೋಣಿ ಹಾಸಿ ನಮಾಜು ಮುಗಿಸಿ, ಊಟದ ಡಬ್ಬಿ ಬಿಚ್ಚುತ್ತಿದ್ದರು. ಸಕ್ಕರೆ ಕಾಯಿಲೆ ಇತ್ತು. ಚಾಕ್ಕೆ ಸಕ್ಕರೆ ಬೇಡ ಎಂದು ಗತ್ತಿನಿಂದ ಹೇಳಿ, ಆಮೇಲೆ ಮೆಲ್ಲಗೆ, "ಒಂದು ಚೂರು ಬೆಲ್ಲ ಇದ್ರೆ..." ಎನ್ನುತ್ತಿದ್ದರು.

ಕಲ್ಲು ಕೂತಿತು. ಇನ್ನು ಸಂದಿಗೆ ಏನು ತುಂಬುವುದು ಎಂಬುದು ಬಂತು. ಊರಿಗೆ ಊರೇ ಸಲಹೆ ಕೊಡಲು ನಿಂತಿತು. ಎದುರು ಮನೆಯ ರಿಟೈರ್ಡ್ ಓವರ್‌ಸೀಯರ್ ಕಾಂಪೌಂಡಿನ ಮೇಲಿಂದಲೇ, "ಸಿಮೆಂಟ್ ಹಾಲು ಸುರಿದು ಕೈ ತೊಳ್ಕೊಳ್ಳಿ ಮೇಡಂ" ಎಂದರು. ತಂಗಿ ಫೋನಿನಲ್ಲಿ ಚಿತ್ರ ಕಳಿಸಿದಳು. ಕಲ್ಲಿನ ನಡುವೆ ಹಸಿರು ಹುಲ್ಲು, ನೋಡಲು ಬಲು ಚೆಂದ. ನಾನು ಗಾಂಧಿ ಬಜಾರಿಗೆ ಹೋಗಿ ಅಂಗಡಿಯವರು ಹೊಗಳಿದ ಒಂದು ಡಬ್ಬಿ ತಂದೆ. ಅಂಟಿನ ಹಾಗೆ ಸುರಿದರೆ ಕಲ್ಲಿನಂತೆ ಗಟ್ಟಿಯಾಗುವ, ಗಾಜಿನಂತೆ ಹೊಳೆಯುವ ಹೊಸ ಮಾಲು. ನಿಜ ಹೇಳಬೇಕೆಂದರೆ ನನ್ನ ಮನಸ್ಸು ಅದರ ಮೇಲೇ ಇತ್ತು.

ಮೇಸ್ತ್ರಿ ಯಾವುದನ್ನೂ ತೆಗೆದುಹಾಕಲಿಲ್ಲ. ಒಂದೊಂದನ್ನೇ ತಗೊಂಡು ವಿಚಾರ ಮಾಡಿದರು.

"ಸಿಮೆಂಟ್ ಗಟ್ಟಿ ನಿಜ. ಆದ್ರೆ ಕೆಳಗೆ ಇರೋದು ಮರಳು. ಮರಳು ಸ್ವಲ್ಪ ಸರಿದಾಡುತ್ತೆ, ಸಿಮೆಂಟು ಬಗ್ಗಲ್ಲ, ಒಡೆಯುತ್ತೆ. ಚಕ್ಕೆ ಎದ್ದರೆ ಕೋಲಿಗೆ ಮತ್ತೆ ಅದೇ ಗುಂಡಿ. ಬರೀ ಮರಳು ತುಂಬೋದಾದ್ರೆ ಮೊದಲನೇ ಮಳೆ ಅರ್ಧ ಒಯ್ಯುತ್ತೆ, ಉಳಿದದ್ದು ಇರುವೆ ಒಯ್ಯುತ್ತೆ. ಹುಲ್ಲು ಚೆಂದ, ಆದ್ರೆ ಕೋಲು ಮೆತ್ತಗೆ ಒಳಗಿಳಿಯುತ್ತೆ. ಇದು ಇದೆಯಲ್ಲ" ಎಂದು ನನ್ನ ಡಬ್ಬಿ ಎತ್ತಿ ತಿರುಗಿಸಿ ನೋಡಿ, "ಇದು ಒಳ್ಳೇದು. ಆದ್ರೆ ನೀರು ಬಿಡಲ್ಲ. ನಮ್ಮೂರ ಮಳೆಗೆ ಈ ಅಂಗಳದ ನೀರು ಎಲ್ಲಿಗೆ ಹೋಗ್ಬೇಕು? ಕರಿಬೇವಿನ ಬೇರು ಏನು ಕುಡೀಬೇಕು? ಒದ್ದೆ ಆದಾಗ ಜಾರುತ್ತೋ ಇಲ್ವೋ, ಅದೂ ನನಗೆ ಗೊತ್ತಿಲ್ಲ" ಎಂದರು.

"ಹಾಗಾದ್ರೆ ನಿಮ್ಮ ಮನಸ್ಸಲ್ಲಿ ಏನಿದೆ?"

"ಸುಣ್ಣ, ಇಟ್ಟಿಗೆ ಪುಡಿ, ಕ್ರಷರಿನ ಕಲ್ಲುಪುಡಿ. ನಮ್ಮ ಅಜ್ಜನ ಕಾಲದ ಗಾರೆ. ಆದ್ರೆ ಎಷ್ಟಕ್ಕೆ ಎಷ್ಟು ಅನ್ನೋದು ಗೊತ್ತಿಲ್ಲ. ಸ್ವಲ್ಪ ದಿನ ಕೊಡಿ."

ಹೊರಡುವಾಗ, "ಮೇಡಂ, ಸಾರ್‌ದು ಹಳೇ ಕೋಲು ಇದೆಯಾ? ಅಳತೆಗೆ ಬೇಕು" ಎಂದರು. ಹೊಸದನ್ನೇ ಅಳೆದುಕೊಳ್ಳಿ ಎಂದೆ. ಬೇಡ, ಬಿದ್ದಾಗ ಇದ್ದದ್ದೇ ಬೇಕು ಎಂದರು. ತುದಿಯ ರಬ್ಬರು ಸವೆದು ಬಾಗಿಲ ಹಿಂದೆ ಬಿದ್ದಿದ್ದ ಆ ಶನಿ ಕೋಲನ್ನು ಕೊಟ್ಟು ಕಳಿಸಿದೆ.

ಹೋದವರು ಪತ್ತೆಯಿಲ್ಲ. ಒಂದು ವಾರವಾಯಿತು, ಎರಡಾಯಿತು. ಫೋನ್ ಮಾಡಿದರೆ "ಬರ್ತೀನಿ ಮೇಡಂ, ಆಗ್ತಾ ಇದೆ" ಎಂದು ಇಟ್ಟುಬಿಡುತ್ತಿದ್ದರು. ಮೇ ತಿಂಗಳು ಮುಗಿಯುತ್ತಾ ಬಂದಿತ್ತು, ಮಳೆ ತಲೆಯ ಮೇಲಿತ್ತು. ಖಾಲಿ ಸಂದುಗಳ ಅಂಗಳವನ್ನು ಯಜಮಾನರು ಕಿಟಕಿಯಿಂದ ನೋಡುತ್ತಾ ಕೂರುತ್ತಿದ್ದರು. ಒಂದು ಸಂಜೆ "ಆಗಲ್ಲ... ಬಿಡು" ಎಂದರು. ಅವರು ಕೈಬಿಡುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಎದುರು ಮನೆಯವರ ಕಡೆಯ ಒಬ್ಬ ಗಾರೆ ಕೆಲಸದವನನ್ನು ಕರೆಸಿ ನಲ್ಲಿಯ ಪಕ್ಕದ ಮೂಲೆಯಿಂದ ಸಿಮೆಂಟ್ ಹಾಲು ಸುರಿಯಲು ಹೇಳಿದೆ. ಆರು ಕಲ್ಲಿನಷ್ಟು ಆಗಿತ್ತು, ಗೇಟಿನ ಬಳಿ ಮೊಪೆಡ್ಡಿನ ಸದ್ದು ಕೇಳಿತು. ಅದು ಇಪ್ಪತ್ತನೇ ದಿನ.

ಮೇಸ್ತ್ರಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಮೊಣಕೈಗೆ ಬಟ್ಟೆ ಸುತ್ತಿಕೊಂಡಿದ್ದರು. ಆ ಮೂಲೆ ನೋಡಿದರು. ನಾನು ತಪ್ಪು ಮಾಡಿದವರು ಮಾಡುವುದನ್ನೇ ಮಾಡಿದೆ, ಜೋರಾಗಿ ಬೈದೆ.

"ಇಲ್ಲಿ ಅರ್ಧಕ್ಕೆ ಬಿಟ್ಟು ಬೇರೆ ಕಡೆ ಕೆಲಸ ಹಿಡಿದ್ರಿ, ಅಲ್ವಾ?"

"ಹೂಂ ಮೇಡಂ. ಭದ್ರಾವತೀಲಿ ಒಂದು ಸಣ್ಣ ಅಂಗಳ ಇತ್ತು" ಎಂದರು.

"ಒಪ್ಪಿಕೊಳ್ತೀರಲ್ಲ, ಅದಾದ್ರೂ ಸಂತೋಷ" ಎಂದು ಚುಚ್ಚಿದೆ. ಅವರು ಮೊಪೆಡ್ಡಿನಿಂದ ಸುಣ್ಣದ ಚೀಲ ಇಳಿಸಿದರು. ಕಿತ್ತು ಹಾಕಿ ಎಂದು ನಾನೇ ಕೊನೆಗೆ ಸೋತು ಹೇಳಿದಾಗ, "ಇರ್ಲಿ ಬಿಡಿ. ಪಕ್ಕಪಕ್ಕ ಇದ್ರೆ ಮಳೆಗಾಲಕ್ಕೆ ನೀವೇ ನೋಡ್ಬಹುದು" ಎಂದರು.

ಆಮೇಲೆ ಆರು ದಿನ ಕೂತಲ್ಲೇ ಕೂತು ಸಂದು ತುಂಬಿದರು. ಮುಷ್ಟಿ ಕಟ್ಟಿದರೆ ನಿಲ್ಲಬೇಕು, ಬಿಟ್ಟರೆ ಕೈಗೆ ಅಂಟಬಾರದು, ಅಷ್ಟೇ ನೀರು. ಒಂದು ಪದರ ತುಂಬಿ, ಚಪ್ಪಟೆ ಮಾಡಿದ ಕಬ್ಬಿಣದ ಸರಳಿನಿಂದ ಕುಟ್ಟಿ, ಅದರ ಮೇಲೆ ಇನ್ನೊಂದು ಪದರ. ಹೀಗೆ ಮೂರು ಪದರ. ಕಲ್ಲಿನ ಸಮಕ್ಕೆ ಬಂದ ಮೇಲೆ ಬೆರಳಿನಿಂದ ಸವರಿ ನೋಡುವುದು. ಅದರ ಮೇಲೆ ಒದ್ದೆ ಗೋಣಿ ಹೊದಿಸಿ, "ದಿನಕ್ಕೆ ಮೂರು ಸಲ ನೀರು ಚಿಮುಕಿಸಿ, ಸುರೀಬೇಡಿ. ನಿಮ್ಮ ಕೈ ಜೋರು, ಸಾರ್ ಹತ್ರ ಮಾಡ್ಸಿ" ಎಂದರು. ಹೀಗೆ ಯಜಮಾನರನ್ನು ಬಾಗಿಲವರೆಗೆ ತಂದರು. ಹೊಸ್ತಿಲ ಈಚೆ ಕುರ್ಚಿ ಹಾಕಿಕೊಂಡು ಎಡಗೈಯಲ್ಲಿ ಪೈಪು ಹಿಡಿದು ಅವರು ನೀರು ಚಿಮುಕಿಸತೊಡಗಿದರು. ಆಮೇಲಾಮೇಲೆ ಗೋಣಿ ಒಣಗಿತೆಂದು ನನ್ನನ್ನೇ ಗದರಿಸತೊಡಗಿದರು.

ಗೋಣಿ ತೆಗೆದ ದಿನ ಮೇಸ್ತ್ರಿ ಕಣ್ಣು ಮುಚ್ಚಿ ಬರಿಗಾಲಲ್ಲಿ ಅಂಗಳ ಸುತ್ತಿ ಬಂದು, "ಸಾರ್, ನಾನು ಹೋಗ್ಬಂದೆ. ಈಗ ನೀವು" ಎಂದರು. ಯಜಮಾನರು ತಲೆಯಾಡಿಸಿದರು. ನಾನು ಗದರಿಸಲು ಹೊರಟೆ. ಮೇಸ್ತ್ರಿ ನನ್ನ ಕಡೆ ನೋಡಿ, "ನಕ್ಕೋ ಮೇಡಂ, ಬೇಡ" ಎಂದು ಮೆಟ್ಟಿಲ ಮೇಲೆ ಕೂತು ಚಾ ಕುಡಿದು ಹೋದರು. ಮರುದಿನವೂ ಭದ್ರಾವತಿಯಿಂದ ಬಂದರು. ಕೆಲಸವೇನೂ ಇರಲಿಲ್ಲ. ಮೆಟ್ಟಿಲ ಮೇಲೆ ಕೂತು ಕುಲುಮೆಯ ಕಥೆ ಹೇಳಿ, ಬೆಲ್ಲ ತಿಂದು ಹೋದರು. ಮೂರನೇ ದಿನ ಕಥೆಯ ನಡುವೆಯೇ ಯಜಮಾನರು ಎದ್ದರು. ಕೋಲು ಹೊಸ್ತಿಲ ಆಚೆ ಇಟ್ಟರು. ಕಾಲು ಇಟ್ಟರು.

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತು ಅವರ ಮುಖವನ್ನೇ ನೋಡುತ್ತಿದ್ದೆ. ಮೇಸ್ತ್ರಿ ಕುಕ್ಕರುಗಾಲಿನಲ್ಲಿ ಕೂತು ಕೋಲಿನ ತುದಿ ನೋಡುತ್ತಿದ್ದರು. ಕೋಲು ಕಲ್ಲಿನ ಮೇಲೆ ಬಿತ್ತು, ಸಂದಿನ ಮೇಲೆ ಬಿತ್ತು, ಮತ್ತೆ ಕಲ್ಲಿನ ಮೇಲೆ. ಎಳೆಯುವ ಕಾಲು ಎಲ್ಲೂ ತಡೆಯದೆ ಹಿಂದೆ ಹಿಂದೆ ಹೋಯಿತು. ಗೇಟು ಮುಟ್ಟಿ ಯಜಮಾನರು ತಿರುಗಿ ನಿಂತಾಗ ನಾನು ಗಳಗಳನೆ ಅತ್ತೆ.

"ಮೇಡಂ, ಸಂದಿನ ಮೇಲೆ ಅಳಬೇಡಿ, ಉಪ್ಪುನೀರು ಸುಣ್ಣಕ್ಕೆ ಆಗಲ್ಲ" ಎಂದರು ಮೇಸ್ತ್ರಿ. ಅವರ ಕಣ್ಣೂ ಒದ್ದೆಯಾಗಿತ್ತು, ಅದನ್ನು ನಾನು ಹೇಳಲಿಲ್ಲ.

ಆ ಮಳೆಗಾಲದಲ್ಲಿ ಒಂದು ದಿನ, ಧೋ ಎಂದು ಸುರಿಯುತ್ತಿರುವಾಗ, ಪ್ಲಾಸ್ಟಿಕ್ ಹೊದ್ದು ಕರೆಯದೆ ಬಂದರು. ಮಳೆಯಲ್ಲಿ ಸಂದು ಹೇಗಿದೆ ನೋಡಬೇಕಂತೆ. ಅವರ ಸಂದು ನೀರು ಕುಡಿದು ಸುಮ್ಮನೆ ಕೂತಿತ್ತು. ನನ್ನ ಸಿಮೆಂಟಿನ ಮೂಲೆಯಲ್ಲಿ ನೀರು ನಿಂತು ಪಾಚಿ ಕಟ್ಟಿತ್ತು, ಎರಡು ಕಡೆ ಚಕ್ಕೆ ಎದ್ದಿತ್ತು. ಅದನ್ನು ನೋಡಿದ ಅವರ ಹುಬ್ಬಿಲ್ಲದ ಕಡೆಯ ಹಣೆ ಮಾತ್ರ ಸ್ವಲ್ಪ ಮೇಲೇರಿತು. ಒಡೆದು ಸರಿಮಾಡಿ ಕೊಡುತ್ತೇನೆ ಎಂದಾಗ ಯಜಮಾನರು, "ಬೇಡ... ಇರ್ಲಿ... ಇವಳ... ಮೂಲೆ" ಎಂದರು. ಇಂದಿಗೂ ಅದು ಇವಳ ಮೂಲೆಯೇ. ದಿನಾ ಬೆಳಿಗ್ಗೆ ಇಪ್ಪತ್ತು ಸುತ್ತು ನಡೆಯುವವರು ಆ ಮೂಲೆ ಬಂದಾಗ ನನ್ನ ಕಡೆ ಒಂದು ಸಲ ನೋಡಿ, ಬಳಸಿಕೊಂಡು ಹೋಗುತ್ತಾರೆ.

ಕೋಲನ್ನು ಮಾತ್ರ ಮೇಸ್ತ್ರಿ ವಾಪಸು ಕೊಡಲೇ ಇಲ್ಲ. ಫೋನ್ ಮಾಡಿದಾಗಲೆಲ್ಲ "ನಮ್ಮ ಕೋಲು ಎಲ್ಲಿ ಮಾರಾಯ್ರೆ?" ಎಂದು ಕಾಡುತ್ತಿದ್ದೆ. "ಇದೆ ಮೇಡಂ, ಕೆಲಸದಲ್ಲಿದೆ" ಎನ್ನುತ್ತಿದ್ದರು.

ಸಾವಿನ ಸುದ್ದಿ ಬಂದ ವಾರ ಭದ್ರಾವತಿಗೆ ಹೊರಟೆವು. ನಾನೊಬ್ಬಳೇ ಹೋಗಿಬರುತ್ತೇನೆಂದರೆ ಯಜಮಾನರು "ನಾನೂ" ಎಂದು ಆಗಲೇ ಅಂಗಿ ಹಾಕಿಕೊಂಡಿದ್ದರು. ಹಳೇನಗರದ ಓಣಿಯಲ್ಲಿ ಸಣ್ಣ ಮನೆ. ಬಾಗಿಲಲ್ಲಿ ಮೇಸ್ತ್ರಿಯ ಹೆಂಡತಿ ನಿಂತಿದ್ದರು. ಬಾಗಿಲಿಗೂ ಓಣಿಗೂ ನಡುವೆ ಹತ್ತು ಹೆಜ್ಜೆಯಷ್ಟು ಉದ್ದದ ಒಂದು ಕಿರಿದಾದ ಅಂಗಳ. ಅದಕ್ಕೆ ಒಡೆದ ಬಿಡಿ ಚಪ್ಪಡಿಗಳನ್ನು ಸಾಲಾಗಿ ಹಾಸಿದ್ದರು. ನೋಡುತ್ತಾ ನಿಂತವಳಿಗೆ ಕಂಡದ್ದು, ಒಂದು ಸಂದಿನ ಹಾಗೆ ಇನ್ನೊಂದು ಇಲ್ಲ. ಒಂದು ಸಿಮೆಂಟು, ಚಕ್ಕೆ ಎದ್ದಿದೆ. ಒಂದು ಬರೀ ಮರಳು, ಅರ್ಧ ಖಾಲಿ. ಒಂದರಲ್ಲಿ ಹುಲ್ಲು. ಒಂದು ಗಾಜಿನಂತೆ ಹೊಳೆಯುತ್ತಿದೆ, ನಾನು ಗಾಂಧಿ ಬಜಾರಿನಿಂದ ತಂದ ಡಬ್ಬಿಯದೇ ಮಾಲು. ಆಮೇಲೆ ಸುಣ್ಣ, ಇಟ್ಟಿಗೆಪುಡಿಯ ನಾಲ್ಕೈದು ಸಂದು, ಒಂದಕ್ಕಿಂತ ಒಂದು ಕೆಂಪು.

"ಇದು ಯಾವಾಗ ಮಾಡಿದ್ದಮ್ಮ?" ಎಂದು ಕೇಳಿದೆ.

"ನಿಮ್ಮನೆ ಕೆಲಸದ ಹೊತ್ತಿಗೇ" ಎಂದರು ಆಕೆ. "ಬೇರೆ ಕೆಲಸ ಎಲ್ಲ ಬಿಟ್ಟು ಇಪ್ಪತ್ತು ದಿನ ಇಲ್ಲೇ. ಎಡಗೈಲಿ ಕೋಲು ಹಿಡ್ಕೊಂಡು, ಬಲಗಾಲು ಎಳ್ಕೊಂಡು, ಹೊತ್ತಾರೆಯಿಂದ ಸಂಜೆ ತನಕ ಇದರ ಮೇಲೆ ಓಡಾಡಿದ್ದೇ ಓಡಾಡಿದ್ದು. ಕೊಡದಲ್ಲಿ ನೀರು ಸುರಿದು ಓಡಾಡೋದು, ಒಣಗಿದ ಮೇಲೆ ಓಡಾಡೋದು. ಓಣಿಯೋರು ಇವರಿಗೆ ಲಕ್ವಾ ಹೊಡೀತು ಅಂತ ಬಾಳೆಹಣ್ಣು ತಗೊಂಡು ನೋಡೋಕೆ ಬಂದ್ರು. ಇವರು ನನಗಲ್ಲಪ್ಪ, ಶಿವಮೊಗ್ಗದ ಸಾರ್‌ಗೆ ಅಂದ್ರೆ ಯಾರಿಗೂ ಅರ್ಥ ಆಗಲಿಲ್ಲ. ಆ ಹೊಳೆಯೋದು ಇದೆಯಲ್ಲ, ಅದರ ಮೇಲೆ ಜಾರಿ ಬಿದ್ದು ಮೊಣಕೈ ಕಿತ್ಕೊಂಡ್ರು. ಬಿದ್ದಲ್ಲೇ ಕೂತು ನಗ್ತಾರೆ. ಸದ್ಯ, ನಾನು ಬಿದ್ದೆ, ಅವರು ಬೀಳಲಿಲ್ಲ ಅಂತ."

ಭದ್ರಾವತೀಲಿ ಒಂದು ಸಣ್ಣ ಅಂಗಳ ಇತ್ತು ಎಂದಿದ್ದರು. ನಾನು ಅವರನ್ನು ಎಷ್ಟು ಬೈದಿದ್ದೆ! ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಆಕೆಯ ಕೈ ಹಿಡಿದುಕೊಂಡೆ. ಮೇಸ್ತ್ರಿಗೆ ಹೇಳಬೇಕಾಗಿದ್ದ ಮಾತನ್ನು ಆಕೆಗೆ ಹೇಳಿದೆ. ನಿಮ್ಮವರು ನಮ್ಮವರನ್ನು ನನಗೆ ವಾಪಸು ಕೊಟ್ಟರು, ನಾನು ಅವರಿಗೆ ಒಂದು ಚೂರು ಬೆಲ್ಲ ಬಿಟ್ಟು ಬೇರೇನೂ ಕೊಡಲಿಲ್ಲ ಎಂದೆ. "ಬೆಲ್ಲ ತಿನ್ನೋರಾ ನಿಮ್ಮನೇಲಿ? ನನ್ನ ಹತ್ರ ಹೇಳಿಲ್ಲ ನೋಡಿ" ಎಂದು ಆಕೆ ಅಳುವಿನ ನಡುವೆ ನಕ್ಕರು. ಆಮೇಲೆ ಬಾಗಿಲ ಪಕ್ಕ ಒರಗಿಸಿದ್ದ ನಮ್ಮ ಹಳೆಯ ಕೋಲನ್ನು ತಂದು ಮುಂದೆ ಹಿಡಿದರು. ಅದರ ತುದಿಯಲ್ಲಿ ರಬ್ಬರೇ ಉಳಿದಿರಲಿಲ್ಲ.

"ಇಲ್ಲೇ... ಇರ್ಲಿ" ಎಂದರು ಯಜಮಾನರು.

ಅವರು ಅಷ್ಟು ಹೊತ್ತು ನಮ್ಮ ಮಾತು ಕೇಳುತ್ತಾ ಒಂದೊಂದೇ ಸಂದನ್ನು ತಮ್ಮ ಕೋಲಿನಿಂದ ಕುಟ್ಟಿ ನೋಡುತ್ತಾ ಬರುತ್ತಿದ್ದರು. ಬಾಗಿಲ ಹತ್ತಿರದ ಕೊನೆಯ ಕಲ್ಲುಗಳ ಬಳಿ ನಿಂತರು. ಇನ್ನೊಮ್ಮೆ ಕುಟ್ಟಿದರು. "ಇದು... ನಮ್ದು" ಎಂದರು. ನಮ್ಮ ಅಂಗಳದ್ದೇ ಬಣ್ಣ, ಅದೇ ಕಿರುಬೆರಳಿನ ಅಗಲ.

ಆಮೇಲೆ ಅವರು ಗೋಡೆಗೆ ಒರಗಿ ಚಪ್ಪಲಿ ಬಿಟ್ಟರು. ಏನು ಮಾಡುತ್ತಾರೆಂದು ನನಗೆ ತಿಳಿಯಿತು. ಕೈ ಹಿಡಿಯಲು ಹೋದೆ. "ಬಿಡು" ಎಂದರು. ಕಣ್ಣು ಮುಚ್ಚಿಕೊಂಡರು. ಬೀಳುತ್ತೇನೆಂದು ಏಳು ತಿಂಗಳು ಹೊಸ್ತಿಲು ದಾಟದವರು ಕಣ್ಣು ಮುಚ್ಚಿಕೊಂಡು ಬರಿಗಾಲಲ್ಲಿ ಆ ಕೊನೆಯ ಕಲ್ಲುಗಳ ಮೇಲೆ ಹೆಜ್ಜೆ ಇಟ್ಟರು. ಒಂದು, ಎರಡು, ಮೂರು. ಮೇಸ್ತ್ರಿಯ ಹೆಂಡತಿ ಅವರ ಮುಖ ನೋಡಲಿಲ್ಲ. ಸ್ವಲ್ಪ ಬಗ್ಗಿ, ಕೋಲಿನ ತುದಿ ನೋಡುತ್ತಿದ್ದರು. ನಾನೂ ಅದನ್ನೇ ನೋಡಿದೆ. ಅದು ಎಲ್ಲೂ ಸಿಕ್ಕಿಕೊಳ್ಳಲಿಲ್ಲ.